ಏರಿ, ನಾಲೆ, ಗುಡ್ಡ: ದಾವಣಗೆರೆ–ಚಿತ್ರದುರ್ಗದಲ್ಲಿ ವಾಹನಗಳಿಲ್ಲದ ಡಾಂಬರು ರಸ್ತೆ ಹುಡುಕಿ ಸೈಕಲ್ ತುಳಿಯುವುದು ಹೇಗೆ

ದಾವಣಗೆರೆ, ಚಿತ್ರದುರ್ಗದಲ್ಲಿ ಹೊಸದಾಗಿ ರೋಡ್ ಸೈಕಲ್ ಕೊಂಡವರು ಮೊದಲು ಹಿಡಿಯುವ ದಾರಿ ರಾಷ್ಟ್ರೀಯ ಹೆದ್ದಾರಿ 48. ಡಾಂಬರು ನುಣುಪಾಗಿರುತ್ತದೆ, ದಾರಿ ತಪ್ಪುವ ಭಯವೂ ಇಲ್ಲ. ಆದರೆ ಬೆಂಗಳೂರು–ಪುಣೆ ಲಾರಿಗಳು ಮಗ್ಗುಲಲ್ಲೇ ಹಾದು ಹೋಗುವಾಗ ಹ್ಯಾಂಡಲ್ ಅಲುಗಾಡುತ್ತದೆ. ಸರ್ವಿಸ್ ರಸ್ತೆಗೆ ಇಳಿದರೆ ಎದುರು ದಿಕ್ಕಿನಿಂದ ಬೈಕುಗಳು ನುಗ್ಗುತ್ತವೆ. ಎರಡು ತಿಂಗಳಲ್ಲಿ ಸೈಕಲ್ ಮೂಲೆ ಸೇರುತ್ತದೆ.

ಅದೇ ಹೆದ್ದಾರಿಯಿಂದ ನಾಲ್ಕೈದು ಕಿ.ಮೀ. ಒಳಕ್ಕೆ ಹೋದರೆ ಬೇರೆಯೇ ಲೋಕ. ಕೆರೆ ಏರಿಯ ಮೇಲಿನ ರಸ್ತೆ, ಭದ್ರಾ ನಾಲೆಯ ಪಕ್ಕದ ರಸ್ತೆ, ಗುಡ್ಡದ ಬುಡ ಸುತ್ತಿ ಹೋಗುವ ಊರು ರಸ್ತೆಗಳು ಅಲ್ಲಿವೆ. ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ: ಈ ಸೀಮೆಯಲ್ಲಿ ವರ್ಷಪೂರ್ತಿ ಖಾಲಿ ಇರುವ ರಸ್ತೆ ಇಲ್ಲ. ಇಂಥ ತಿಂಗಳು, ಇಂಥ ವಾರ, ಇಂಥ ಹೊತ್ತಿನಲ್ಲಿ ಖಾಲಿ ಇರುವ ರಸ್ತೆಗಳಿವೆ. ಆಗಸ್ಟ್‌ನಲ್ಲಿ ನೀರವವಾಗಿದ್ದ ದಾರಿಯಲ್ಲಿ ನವೆಂಬರ್‌ನಲ್ಲಿ ಮೆಕ್ಕೆಜೋಳ ಹರಡಿರುತ್ತದೆ, ಡಿಸೆಂಬರ್‌ನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲುಗಟ್ಟಿರುತ್ತದೆ. ಆದ್ದರಿಂದ ನಕ್ಷೆ ನೋಡುವಷ್ಟೇ ಶ್ರದ್ಧೆಯಿಂದ ಬೆಳೆಯ ಲೆಕ್ಕವನ್ನೂ ನೋಡಬೇಕು.

ರಸ್ತೆ ಹುಡುಕುವ ಕ್ರಮ

ಮೊದಲು ಮೊಬೈಲ್ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಬದಲಿಸಿ. ಕಾರಿನ ದಾರಿ ಕೇಳಿದರೆ ಅದು ಹೆದ್ದಾರಿಗೆ ಕಳಿಸುತ್ತದೆ, ನಡೆಯುವ ದಾರಿ ಕೇಳಿದರೆ ಹೊಲದ ಬದುವಿಗೆ ಇಳಿಸುತ್ತದೆ. ಎರಡನ್ನೂ ನಂಬದೆ ಕಣ್ಣಲ್ಲೇ ಹುಡುಕಿ. ಕೆರೆಯ ಒಂದು ಬದಿ ಗೆರೆ ಎಳೆದಂತೆ ನೇರವಾಗಿದ್ದರೆ ಅದು ಏರಿ. ಅದರ ಮೇಲೆ ಕಪ್ಪು ಗೀಟು ಕಂಡರೆ ಡಾಂಬರು, ಕೆಂಪಗಿದ್ದರೆ ಮಣ್ಣು. ಗುಡ್ಡದ ಬುಡವನ್ನು ಹಾವಿನಂತೆ ಬಳಸಿ, ಏರದೆ ಇಳಿಯದೆ ಸಾಗುವ ನೀಲಿ ಗೆರೆ ನಾಲೆ.

ಎರಡನೆಯದಾಗಿ, ಸ್ಥಳಕ್ಕೆ ಹೋದಾಗ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ, ನೀಲಿ ಅಥವಾ ಕಪ್ಪು ಜಿಲ್ಲಾ ರಸ್ತೆ, ಕಿತ್ತಳೆ ಗ್ರಾಮೀಣ ರಸ್ತೆ. ನಮಗೆ ಬೇಕಾದ್ದು ಕಿತ್ತಳೆ. ಅದು ಸಿಗದ ಕಡೆ ನೀಲಿ. ಹಸಿರು ತಲೆಯ ರಸ್ತೆಯನ್ನು ಒಂದು ಊರಿನಿಂದ ಇನ್ನೊಂದಕ್ಕೆ ದಾಟಿಕೊಳ್ಳಲು ಮಾತ್ರ ಬಳಸಿ.

ಗ್ರಾಮ ಸಡಕ್ ಯೋಜನೆಯ ರಸ್ತೆಗಳ ಬಾಯಲ್ಲಿ ಒಂದು ಫಲಕ ನಿಂತಿರುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ. ರಸ್ತೆಯ ಉದ್ದ, ಕೆಲಸ ಮುಗಿದ ದಿನಾಂಕ, ನಿರ್ವಹಣೆಯ ಅವಧಿ ಎಲ್ಲ ಅದರಲ್ಲಿರುತ್ತದೆ. ಕೆಲಸ ಮುಗಿದ ಮೇಲೆ ಐದು ವರ್ಷ ಗುತ್ತಿಗೆದಾರರೇ ರಿಪೇರಿ ಮಾಡಬೇಕೆಂಬ ಷರತ್ತು ಇರುವುದರಿಂದ, ಆ ಅವಧಿಯೊಳಗಿನ ರಸ್ತೆ ಸಾಮಾನ್ಯವಾಗಿ ತುಳಿಯಲು ಯೋಗ್ಯ. ಈ ರಸ್ತೆಗಳ ಡಾಂಬರಿನ ಅಗಲ ಹೆಚ್ಚಾಗಿ 3.75 ಮೀಟರ್. ಎದುರುಬದುರು ಬಂದ ಎರಡು ಕಾರುಗಳಲ್ಲಿ ಒಂದು ಡಾಂಬರು ಬಿಟ್ಟು ಇಳಿಯಲೇಬೇಕು. ದೂರದ ಕಾರಿನವರು ಇತ್ತ ತಲೆ ಹಾಕದಿರುವುದಕ್ಕೆ ಅದೇ ಕಾರಣ.

ಮೂರನೆಯದು, ಬಸ್ಸು. ಊರ ಬಸ್ ಸ್ಟ್ಯಾಂಡಿನಲ್ಲಿ ಕೂತವರನ್ನು ಕೇಳಿ: "ಅಣ್ಣಾ, ಈ ದಾರೀಲಿ ದಿನಕ್ಕೆ ಎಷ್ಟು ಬಸ್ ಬರ್ತಾವೆ? ಡಾಂಬರು ಕೊನೆ ತನಕ ಐತಾ?" ಎರಡೋ ಮೂರೋ ಬಸ್ಸು ಅಂದರೆ ಒಳ್ಳೆಯ ಸೈಕಲ್ ದಾರಿ. ಅವುಗಳ ಸಮಯ ಬರೆದಿಟ್ಟುಕೊಳ್ಳಿ, ಆ ಹತ್ತು ನಿಮಿಷ ತಪ್ಪಿಸಿದರೆ ಸಾಕು. ಗಂಟೆಗೊಂದು ಬಸ್ಸು ಇದ್ದರೆ ಆ ರಸ್ತೆಯಲ್ಲಿ ಆಟೋ, ಟೆಂಪೋ, ಕಾರು ಎಲ್ಲವೂ ಇವೆ ಎಂದೇ ಅರ್ಥ.

ಕೊನೆಗೆ, ನೀವು ತುಳಿಯಬೇಕೆಂದಿರುವ ಹೊತ್ತಿಗೇ ಒಮ್ಮೆ ಬೈಕಿನಲ್ಲಿ ಹೋಗಿ ನೋಡಿಕೊಂಡು ಬನ್ನಿ. ನಡುದಾರಿಯಲ್ಲಿ 15 ನಿಮಿಷ ನಿಂತು ನಾಲ್ಕು ಚಕ್ರದ ಮತ್ತು ಅದಕ್ಕಿಂತ ದೊಡ್ಡ ವಾಹನಗಳನ್ನು ಎಣಿಸಿ. ಐದರೊಳಗಿದ್ದರೆ ಹೊಸಬರನ್ನೂ ಕರೆದುಕೊಂಡು ಹೋಗಬಹುದು. ಹತ್ತು ದಾಟಿದರೆ ಹೊತ್ತು ಬದಲಿಸಿ, ಇಲ್ಲವೇ ದಾರಿ ಬದಲಿಸಿ.

ಏರಿ ರಸ್ತೆಯ ಗುಣ, ನಾಲೆ ರಸ್ತೆಯ ಗುಣ

ಏರಿ ಮೇಲಿನ ರಸ್ತೆ ಚಪ್ಪಟೆ, ನೇರ, ನೋಡಲು ಚೆಂದ. ಅಪಾಯ ಇರುವುದು ಅದರ ಎರಡು ತುದಿಯಲ್ಲಿ. ಒಂದು ತುದಿಯಲ್ಲಿ ಸಾಮಾನ್ಯವಾಗಿ ಕೋಡಿ ಇರುತ್ತದೆ. ಕೆರೆ ತುಂಬಿದ ವರ್ಷ ಕೋಡಿ ನೀರು ರಸ್ತೆಯ ಮೇಲೇ ಹರಿಯುವ ಕಡೆಗಳಿವೆ. ನೀರು ನಿಂತು ತಿಂಗಳಾದರೂ ಕಾಂಕ್ರೀಟಿನ ಮೇಲೆ ಪಾಚಿ ಉಳಿದಿರುತ್ತದೆ. ಪಾಚಿಯ ಮೇಲೆ ಬ್ರೇಕ್ ಹಿಡಿದರೆ, ಹ್ಯಾಂಡಲ್ ತಿರುಗಿಸಿದರೆ, ಎದ್ದು ನಿಂತು ತುಳಿದರೆ ಬೀಳುವುದು ಖಂಡಿತ. ಕೋಡಿಗೆ ಮೊದಲೇ ವೇಗ ತಗ್ಗಿಸಿ ಹ್ಯಾಂಡಲ್ ನೆಟ್ಟಗಿಟ್ಟು ದಾಟಿ. ನೀರು ಹರಿಯುತ್ತಿದ್ದರೆ ಇಳಿದು ತಳ್ಳಿ. ಪಾದ ಮುಳುಗುವಷ್ಟು ನೀರು ರಭಸವಾಗಿದ್ದರೆ ಹಿಂದಿರುಗಿ. ಇನ್ನೊಂದು ತುದಿಯಲ್ಲಿ ರಸ್ತೆ ಥಟ್ಟನೆ ತಿರುಗಿ ಅಚ್ಚುಕಟ್ಟಿಗೆ ಇಳಿಯುತ್ತದೆ. ಆ ತಿರುವಿನಲ್ಲಿ ಮರಳು ಬಂದು ಕೂತಿರುತ್ತದೆ, ಬೆಳಗಿನ ಹೊತ್ತು ದನಗಳೂ ಅಲ್ಲೇ ಎದುರಾಗುತ್ತವೆ.

ನಾಲೆ ರಸ್ತೆಯ ವಿಷಯದಲ್ಲಿ ಮುಲಾಜು ಬೇಡ. ಭದ್ರಾ ನಾಲೆಯ ಏರಿ ರಸ್ತೆ ಇಲಾಖೆಯ ಜೀಪು, ರೈತರ ಟ್ರ್ಯಾಕ್ಟರ್ ಓಡಾಡಲು ಮಾಡಿದ್ದು. ಬಹಳಷ್ಟು ಕಡೆ ತಡೆಗೋಡೆ ಇಲ್ಲ. ನಾಲೆಯ ಒಳ ಇಳಿಜಾರಿನ ಕಾಂಕ್ರೀಟ್ ಪಾಚಿ ಕಟ್ಟಿ ಸೋಪಿನಂತೆ ಜಾರುತ್ತದೆ. ತುಂಬಿ ಹರಿಯುವ ನಾಲೆಗೆ ಬಿದ್ದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಹಾಗಾಗಿ ಹೊರ ಅಂಚಿನ ಕಡೆ, ಅಂದರೆ ಗದ್ದೆಯ ಕಡೆ ಸಾಗಿ. ಕತ್ತಲಲ್ಲಿ ಹೋಗಬೇಡಿ, ಪಕ್ಕಪಕ್ಕದಲ್ಲಿ ಇಬ್ಬರು ಸಾಗಬೇಡಿ, ಮುಖ ತೊಳೆಯಲೆಂದು ನಾಲೆಗೆ ಇಳಿಯಬೇಡಿ. ಪ್ರವೇಶವಿಲ್ಲ ಎಂಬ ಫಲಕವೋ ಅಡ್ಡ ಸರಪಳಿಯೋ ಇದ್ದಲ್ಲಿ ಅಲ್ಲಿಂದಲೇ ವಾಪಸ್. ಈ ರಸ್ತೆಗಳ ಡಾಂಬರು ತುಂಡುತುಂಡಾಗಿರುತ್ತದೆ. ಎರಡು ಕಿ.ಮೀ. ಡಾಂಬರು, ಮುಂದೆ ಅರ್ಧ ಕಿ.ಮೀ. ಜಲ್ಲಿ, ಮತ್ತೆ ಡಾಂಬರು. 25 ಮಿ.ಮೀ. ಟೈರಿನ ಸೈಕಲ್‌ಗೆ ನಾಲೆ ರಸ್ತೆ ಬೇಡ.

ಮಣ್ಣಿನ ಬಗ್ಗೆಯೂ ಒಂದು ಮಾತು. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದ ಮೇಲೆ ಹಾಕಿದ ಡಾಂಬರು ಸಮನಾಗಿ ಕೂತಿರುತ್ತದೆ. ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಮಣ್ಣು. ಅದರ ಮೇಲಿನ ರಸ್ತೆ ಅಲೆಅಲೆಯಾಗುತ್ತದೆ, ಅಂಚಿನಲ್ಲಿ ಉದ್ದುದ್ದ ಸೀಳು ಬಿಡುತ್ತದೆ. ರಸ್ತೆಗೆ ಅಡ್ಡ ಬಿದ್ದ ಸೀಳು ಬರೀ ಕುಲುಕುತ್ತದೆ. ಉದ್ದಕ್ಕೆ ಬಿದ್ದದ್ದು ಚಕ್ರವನ್ನೇ ಹಿಡಿದು ಬೀಳಿಸುತ್ತದೆ. ಮಳೆ ಬಂದ ದಿನ ಎರೆಭೂಮಿಯಲ್ಲಿ ಡಾಂಬರಿನಿಂದ ಒಂದು ಗೇಣು ಕೆಳಗಿಳಿದರೂ ಮಣ್ಣು ಟೈರಿಗೆ ಮೆತ್ತಿ ಫೋರ್ಕಿನೊಳಗೆ ತುಂಬಿ ಚಕ್ರ ನಿಲ್ಲುತ್ತದೆ. ಒಂದು ಕಡ್ಡಿ ಇಟ್ಟುಕೊಂಡಿದ್ದರೆ ಕೆರೆದು ಮುಂದೆ ಹೋಗಬಹುದು.

ಬೆಳೆಯ ಕ್ಯಾಲೆಂಡರ್

ಜೂನ್‌ನಿಂದ ಆಗಸ್ಟ್: ಬಿತ್ತನೆಯ ಕಾಲ. ಮಳೆಯಾಶ್ರಿತ ಕಡೆ, ಅಂದರೆ ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ರಸ್ತೆಗಳು ಶಾಂತ. ಆದರೆ ಅಚ್ಚುಕಟ್ಟಿನಲ್ಲಿ ಹಾಗಲ್ಲ. ಭದ್ರಾ ನಾಲೆಗೆ ಮಳೆಗಾಲದ ಬೆಳೆಗೆಂದು ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ ನೀರು ಬಿಡುತ್ತಾರೆ, ಬೇಸಿಗೆ ಬೆಳೆಗೆ ಜನವರಿಯಲ್ಲಿ. ದಿನಾಂಕವನ್ನು ಆಯಾ ಸಲ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ನೀರು ಬಿಟ್ಟ ಎರಡು ಮೂರು ವಾರಕ್ಕೆ ಗದ್ದೆ ಕೆಸರು ಮಾಡಲು ಕಬ್ಬಿಣದ ಪಂಜರ ಚಕ್ರ, ಅಂದರೆ ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರುಗಳು ರಸ್ತೆಗೆ ಹತ್ತಿ ಇಳಿಯುತ್ತವೆ. ಅವು ಉದುರಿಸಿದ ಕೆಸರು ಹಸಿಯಾಗಿದ್ದರೆ ಜಾರುತ್ತದೆ, ಒಣಗಿದರೆ ಕಲ್ಲಿನಂತಾಗುತ್ತದೆ. ನೀರು ಬಿಟ್ಟ ದಿನದಿಂದ ಒಂದು ತಿಂಗಳು ಹರಿಹರ, ಮಲೇಬೆನ್ನೂರು ಕಡೆಯ ಗದ್ದೆ ಬಯಲು ಬಿಟ್ಟು ಚಿತ್ರದುರ್ಗದ ಕಡೆ ತಿರುಗುವುದು ಜಾಣತನ.

ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್: ಮೆಕ್ಕೆಜೋಳದ ಕಾಲ. ದಾವಣಗೆರೆ ಸುತ್ತ ಕಣಕ್ಕೆ ಜಾಗವಿಲ್ಲದವರು ಡಾಂಬರಿನ ಮೇಲೇ ಕಾಳು ಒಣಗಿಸುತ್ತಾರೆ. ಕಾಳಿನ ಮೇಲೆ ಹತ್ತಿದ ಚಕ್ರ ಗೋಲಿಯ ಮೇಲೆ ಹತ್ತಿದಂತೆ. ರಾಶಿಗೆ ಕಾವಲಾಗಿ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ, ಬೆಳಗಿನ ಮಬ್ಬಿನಲ್ಲಿ ಅವು ಕಾಣುವುದಿಲ್ಲ. ಬಿಟ್ಟಿರುವ ಅರ್ಧ ರಸ್ತೆಯಲ್ಲೇ ನಿಧಾನ ಹೋಗಿ. ಅದು ಒಂದು ಮನೆಯ ವರ್ಷದ ದುಡಿಮೆ, ಅದರ ಮೇಲೆ ಚಕ್ರ ಹತ್ತಿಸಬಾರದು. ರಾಗಿ, ಹುರುಳಿಯ ಕಾಲಕ್ಕೆ ಇನ್ನೊಂದು ತೊಡಕು: ವಾಹನ ಓಡಾಡಿ ಒಕ್ಕಣೆ ಆಗಲಿ ಎಂದು ತೆನೆ, ಬಳ್ಳಿಯನ್ನೇ ರಸ್ತೆಗೆ ಹಾಸಿರುತ್ತಾರೆ. ಹುರುಳಿ ಬಳ್ಳಿ ಚೈನಿಗೂ, ಗೇರ್ ಬದಲಿಸುವ ಹಿಂದಿನ ಡಿರೇಲರ್‌ಗೂ ಸುತ್ತಿಕೊಳ್ಳುತ್ತದೆ. ತುಳಿತ ಬಿಗಿಯಾಯಿತು ಎಂದು ಇನ್ನಷ್ಟು ಜೋರಾಗಿ ತುಳಿದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ, ಆ ಸಣ್ಣ ತುಂಡು ಇಲ್ಲಿ ಯಾವ ಅಂಗಡಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಇಂಥ ಕಡೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ.

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲು ನಡೆಯುವ ತಿಂಗಳುಗಳಲ್ಲಿ ಸಂಜೆ ಹೊತ್ತು ಗೊನೆ ತುಂಬಿದ ಲಗೇಜ್ ಆಟೋ, ಟ್ರ್ಯಾಕ್ಟರ್ ಓಡಾಟ ಹೆಚ್ಚು. ಬೆಳಿಗ್ಗೆ ತೊಂದರೆ ಇಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಕಾರ್ಖಾನೆ ಇರುವ ಕುಕ್ಕುವಾಡದ ದಿಕ್ಕಿನ ರಸ್ತೆಗಳನ್ನು ಬಿಟ್ಟುಬಿಡಿ. ಜೋಡಿ ಟ್ರೈಲರ್ ಎಳೆಯುವ ಟ್ರ್ಯಾಕ್ಟರಿನವರಿಗೆ ಹಿಂದೆ ಏನಿದೆ ಎಂದು ಕಾಣುವುದಿಲ್ಲ, ಇಳಿಜಾರಿನಲ್ಲಿ ಹಿಂದಿನ ಟ್ರೈಲರ್ ಓಲಾಡುತ್ತದೆ.

ಬೆಳೆಯ ಜೊತೆ ಸಂತೆ, ಜಾತ್ರೆ, ಅಮಾವಾಸ್ಯೆ ಇವೂ ಲೆಕ್ಕಕ್ಕೆ ಬರಬೇಕು. ಕರಿಬಸವೇಶ್ವರ ಅಜ್ಜಯ್ಯನ ಕ್ಷೇತ್ರ ಉಕ್ಕಡಗಾತ್ರಿಗೆ ಹೋಗುವ ತುಂಗಭದ್ರಾ ದಂಡೆಯ ಕಡೆಯ ರಸ್ತೆಗಳು ಉಳಿದ ದಿನ ಹಿತ, ಅಮಾವಾಸ್ಯೆಯಂದು ಕಾಲಿಡಲು ಜಾಗವಿರುವುದಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ವಾರದಲ್ಲಿ ಚಳ್ಳಕೆರೆ ಸೀಮೆಯ ರಸ್ತೆಗಳಿಗೂ ಅದೇ ಮಾತು.

ಹೊತ್ತು, ಗಾಳಿ, ಬಿಸಿಲು

ಜೂನ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಹುಟ್ಟುತ್ತಾನೆ, ಜನವರಿಯಲ್ಲಿ ಆರೂಮುಕ್ಕಾಲು ದಾಟುತ್ತದೆ. ಹುಟ್ಟುವ ಇಪ್ಪತ್ತು ನಿಮಿಷ ಮೊದಲೇ ರಸ್ತೆಯ ಗುಂಡಿ ಕಾಣುವಷ್ಟು ಬೆಳಕು ಬರುತ್ತದೆ. ಅದೇ ಹೊರಡುವ ಹೊತ್ತು. ಏಳೂಮುಕ್ಕಾಲರಿಂದ ಶಾಲಾ ಬಸ್ಸುಗಳು ಹಳ್ಳಿ ರಸ್ತೆಗೆ ಬರುತ್ತವೆ. ಅವುಗಳ ಚಾಲಕರಿಗೆ ಗಡಿಬಿಡಿ, ರಸ್ತೆ ಕಿರಿದು. ಆ ಹೊತ್ತಿಗೆ ನೀವು ಮನೆಯಲ್ಲಿರಬೇಕು, ಇಲ್ಲವೇ ಹೋಟೆಲಿನಲ್ಲಿ ಕೂತಿರಬೇಕು. ಭಾನುವಾರ ಶಾಲಾ ಬಸ್ಸಿಲ್ಲ, ಆದರೆ ಜೋಗಿಮಟ್ಟಿ, ವಾಣಿವಿಲಾಸ ಸಾಗರದಂಥ ಜಾಗಕ್ಕೆ ಕಾರುಗಳು ಬರುತ್ತವೆ. ಹೀಗಾಗಿ ಪ್ರವಾಸಿ ಜಾಗಗಳನ್ನು ವಾರದ ದಿನಕ್ಕೆ, ಊರು ರಸ್ತೆಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಗಾಳಿಯ ಲೆಕ್ಕ ತಪ್ಪಿದರೆ ಚಿತ್ರದುರ್ಗದಲ್ಲಿ 40 ಕಿ.ಮೀ. 60ರಷ್ಟು ದಣಿಸುತ್ತದೆ. ಇಲ್ಲಿನ ಗುಡ್ಡಗಳ ಮೇಲೆ ಸುಮ್ಮನೆ ಗಾಳಿಯಂತ್ರ ನಿಲ್ಲಿಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯದಿಂದ ಬಲವಾದ ಗಾಳಿ. ಆ ತಿಂಗಳುಗಳಲ್ಲಿ ಹೊರಡುವಾಗ ಹೊಳಲ್ಕೆರೆಯ ದಿಕ್ಕಿಗೆ, ಗಾಳಿಗೆ ಎದುರಾಗಿ ಹೋಗಿ. ಕಾಲು ಸೋತಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಹೊರಡುವ ಮೊದಲು ಗುಡ್ಡದ ಮೇಲಿನ ಗಾಳಿಯಂತ್ರದ ಮೂತಿ ನೋಡಿ. ರೆಕ್ಕೆಗಳು ಮುಖ ಮಾಡಿದ ಕಡೆಯಿಂದಲೇ ಗಾಳಿ ಬರುತ್ತಿರುತ್ತದೆ, ಯಂತ್ರ ತಾನಾಗಿ ಅತ್ತ ತಿರುಗಿಕೊಳ್ಳುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಗಾಳಿ ಒಮ್ಮೆಲೇ ಪಕ್ಕದಿಂದ ಬಡಿಯುತ್ತದೆ. ಅಲ್ಲಿ ಎರಡೂ ಕೈ ಹ್ಯಾಂಡಲ್ ಮೇಲಿರಲಿ.

ಮಾರ್ಚ್‌ನಿಂದ ಮೇ ಒಂಬತ್ತು ಗಂಟೆಗೆ ಸವಾರಿ ಮುಗಿದಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಸೈಕಲ್ಲಿನಲ್ಲಿ ಏನಿರಬೇಕು

ಟೈರಿನ ಅಗಲವೇ ಅರ್ಧ ಕೆಲಸ. ಫ್ರೇಮಿನಲ್ಲಿ ಜಾಗವಿದ್ದರೆ 32 ಮಿ.ಮೀ. ಹಾಕಿ, ಇಲ್ಲದಿದ್ದರೆ 28. ಗಾಳಿಯನ್ನು ಟೈರಿನ ಮೇಲೆ ಬರೆದ ಗರಿಷ್ಠದವರೆಗೆ ತುಂಬುವ ಅಭ್ಯಾಸ ಬಿಡಿ. ಕಲ್ಲಿನಂತಾದ ಟೈರ್ ಊರು ರಸ್ತೆಯಲ್ಲಿ ಪುಟಿಯುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಟ್ಯೂಬ್ ಇರುವ 28 ಮಿ.ಮೀ. ಟೈರಿಗೆ, ಸವಾರರ ತೂಕ 60 ಕೆ.ಜಿ. ಇದ್ದರೆ ಹಿಂದೆ 70, ಮುಂದೆ 65 ಪಿಎಸ್‌ಐ. 75 ಕೆ.ಜಿ. ಇದ್ದರೆ ಹಿಂದೆ 80, ಮುಂದೆ 75. 32 ಮಿ.ಮೀ. ಆದರೆ 60 ಕೆ.ಜಿ.ಗೆ 55 ಮತ್ತು 50, 75 ಕೆ.ಜಿ.ಗೆ 63 ಮತ್ತು 58. ಮಳೆಯಲ್ಲಿ ಎರಡೂ ಕಡೆ 5 ಇಳಿಸಿ. ಇದಕ್ಕಿಂತ ತೀರಾ ಕಡಿಮೆ ಮಾಡಿದರೆ ಗುಂಡಿಯ ಅಂಚಿಗೆ ಟ್ಯೂಬ್ ರಿಮ್ಮಿಗೆ ಜಜ್ಜಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ.

ಟೈರ್ ಕೊಳ್ಳುವಾಗ ಒಂದು ಗೊಂದಲ ಇಲ್ಲಿ ಬಹಳ ಜನರಿಗೆ ಆಗುತ್ತದೆ. ನಮ್ಮ ಊರ ಸೈಕಲ್ ಅಂಗಡಿಯಲ್ಲಿ 28 ಇಂಚು ಎಂದು ಕೊಡುವುದು ಹಾಲಿನವರ ಹಳೇ ಸೈಕಲ್ಲಿನ ಟೈರ್. ಅದರ ರಿಮ್ಮಿನ ಅಳತೆ 635 ಮಿ.ಮೀ. ರೋಡ್ ಸೈಕಲ್ಲಿನ 700ಸಿ ಎಂದರೆ 622. ಅದು ಇದಕ್ಕೆ ಕೂರುವುದಿಲ್ಲ. ಟೈರಿನ ಮಗ್ಗುಲಲ್ಲಿ 28-622 ಅಥವಾ 32-622 ಎಂದು ಬರೆದಿರುವುದನ್ನು ಓದಿ ಕೊಳ್ಳಿ. ಇನ್ನೊಂದು ತೊಡಕು ವಾಲ್ವ್. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಹಿಡಿಯುವುದಿಲ್ಲ. ಕಡಲೆಕಾಳಿನಷ್ಟು ಚಿಕ್ಕ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟಿದ್ದರೆ ಯಾವ ಹಳ್ಳಿಯಲ್ಲಾದರೂ ಗಾಳಿ ಹೊಡಿಸಬಹುದು. ಆದರೆ ಕಂಪ್ರೆಸರಿನವರು ಬೈಕಿಗೆ ಬಿಟ್ಟಂತೆ ಬಿಟ್ಟರೆ ಸಣ್ಣ ಟ್ಯೂಬ್ ಕ್ಷಣದಲ್ಲಿ ಸಿಡಿಯುತ್ತದೆ. ಬಿಟ್ಟುಬಿಟ್ಟು ತುಂಬಲು ಮೊದಲೇ ಹೇಳಿ.

ಗೇರಿನ ಲೆಕ್ಕವನ್ನು ಏರು ರಸ್ತೆಗೆ ಹೋಗುವ ಮೊದಲು ಮನೆಯಲ್ಲೇ ಮಾಡಿ. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.6 ಕಿ.ಮೀ. ವೇಗ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ 70 ಕೆ.ಜಿ. ತೂಕದವರಿಗೆ, 10 ಕೆ.ಜಿ. ಸೈಕಲ್ ಸೇರಿ, ಇದಕ್ಕೆ ಬೇಕಾದ ಶಕ್ತಿ ಸುಮಾರು 145 ವ್ಯಾಟ್. ಮೂರು ತಿಂಗಳ ಅಭ್ಯಾಸಕ್ಕೆ ಇದು ದಕ್ಕುತ್ತದೆ. ಅದೇ ಮುಂದೆ 39, ಹಿಂದೆ 25 ಇರುವ ಹಳೇ ರೇಸಿಂಗ್ ಸೈಕಲ್ಲಿನಲ್ಲಿ 60 ಸುತ್ತು ಉಳಿಸಿಕೊಳ್ಳಲು 220 ವ್ಯಾಟ್ ದಾಟಬೇಕು. ಹೊಸಬರು ಅಲ್ಲೇ ಇಳಿದು ತಳ್ಳುತ್ತಾರೆ ಅಥವಾ ಮಂಡಿ ನೋವು ತಂದುಕೊಳ್ಳುತ್ತಾರೆ. ಗುಡ್ಡದ ಆಸೆ ಇದ್ದರೆ ಹಿಂದಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಮೊದಲು ಬದಲಿಸಿ. ಅದಕ್ಕೆ ಡಿರೇಲರ್ ಒಪ್ಪುತ್ತದೆಯೇ ಎಂದು ಮೆಕ್ಯಾನಿಕ್ ಹತ್ತಿರ ಕೇಳಿಕೊಂಡು ಮಾಡಿ.

ಹೆಲ್ಮೆಟ್, ಹಿಂದಿನ ಕೆಂಪು ದೀಪ, ಗಂಟೆ. ಗಂಟೆಯನ್ನು ರೋಡ್ ಸೈಕಲ್ಲಿನವರು ಕಿತ್ತು ಬಿಸಾಡುತ್ತಾರೆ. ಇಲ್ಲಿ ಮಾತ್ರ ದನ, ಕುರಿ, ನೀರಿನ ಕೊಡ ಹೊತ್ತವರು ಎಲ್ಲರಿಗೂ ಅರ್ಥವಾಗುವ ಭಾಷೆ ಅದೇ.

ಮುಳ್ಳು ಮತ್ತು ಪಂಕ್ಚರ್

ಈ ಸೀಮೆಯ ಪಂಕ್ಚರಿಗೆ ಮುಖ್ಯವಾಗಿ ಎರಡು ಮುಳ್ಳು ಕಾರಣ. ಬಳ್ಳಾರಿ ಜಾಲಿಯದು ಉದ್ದ, ಗಟ್ಟಿ. ಬೇಲಿಗೆಂದು ಕಡಿದು ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ದಾರಿಯುದ್ದಕ್ಕೂ ಉದುರುತ್ತದೆ. ನೆಗ್ಗಿಲ ಮುಳ್ಳು ನೆಲಕ್ಕೆ ಹಬ್ಬುವ ಬಳ್ಳಿಯ ಕಾಯಿ. ಹೇಗೆ ಬಿದ್ದರೂ ಅದರ ಒಂದು ಮೊನೆ ಮೇಲಕ್ಕೇ ಇರುತ್ತದೆ. ಎರಡೂ ಸೇರಿಕೊಳ್ಳುವುದು ಡಾಂಬರಿನ ಅಂಚಿಗೆ. ಆದ್ದರಿಂದ ಖಾಲಿ ರಸ್ತೆಯಲ್ಲಿ ಅಂಚಿನಿಂದ ಒಂದು ಮೀಟರ್ ಒಳಗೆ ಸಾಗಿ. ವಾಹನ ಬಂದಾಗ ಮಣ್ಣಿಗೆ ಇಳಿದು ನಿಂತಿದ್ದರೆ, ಮತ್ತೆ ಹೊರಡುವ ಮೊದಲು ಎರಡೂ ಟೈರನ್ನು ಒಮ್ಮೆ ಕಣ್ಣಾಡಿಸಿ. ಚುಚ್ಚಿದ ಮುಳ್ಳು ಮೊದಲ ಸುತ್ತಿನಲ್ಲೇ ಟ್ಯೂಬ್ ಮುಟ್ಟುವುದಿಲ್ಲ, ತುಳಿದಂತೆಲ್ಲ ಒಳಗೆ ಇಳಿಯುತ್ತದೆ.

ಜೊತೆಗಿರಬೇಕಾದ್ದು: ಎರಡು ಟ್ಯೂಬ್, ಎರಡು ಟೈರ್ ಲಿವರ್, ಪ್ಯಾಚ್ ಮತ್ತು ಸೊಲ್ಯೂಷನ್, ಚೂರು ಸ್ಯಾಂಡ್‌ಪೇಪರ್, ಕೈಪಂಪು, ಹುಬ್ಬಿನ ಕೂದಲು ಕೀಳುವ ಸಣ್ಣ ಚಿಮುಟ. ಕೊನೆಯದನ್ನು ಮರೆಯಬೇಡಿ, ಮುರಿದು ಒಳಗೆ ಉಳಿದ ಮುಳ್ಳಿನ ಮೊನೆ ಬೆರಳಿಗೆ ಸಿಗುವುದಿಲ್ಲ.

ಪಂಕ್ಚರ್ ಆದಾಗ ಹೀಗೆ ಮಾಡಿ. ಚಕ್ರ ಬಿಚ್ಚುವ ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲಿನ ಚಕ್ರಕ್ಕೆ ಹಾಕಿಕೊಳ್ಳಿ. ಟ್ಯೂಬ್ ತೆಗೆಯುವಾಗ ವಾಲ್ವ್ ಟೈರಿನ ಯಾವ ಅಕ್ಷರದ ಎದುರಿತ್ತೆಂದು ಗುರುತಿಟ್ಟುಕೊಳ್ಳಿ. ಟ್ಯೂಬಿಗೆ ಗಾಳಿ ಊದಿ ತೂತು ಹುಡುಕಿ, ಅದನ್ನು ಟೈರಿನ ಮೇಲೆ ಅದೇ ಜಾಗಕ್ಕೆ ಹಿಡಿದರೆ ಮುಳ್ಳು ಎಲ್ಲಿದೆ ಎಂದು ತಿಳಿಯುತ್ತದೆ. ಒಂದು ಮುಳ್ಳು ಸಿಕ್ಕಿತೆಂದು ನಿಲ್ಲಿಸಬೇಡಿ. ಟೈರಿನ ಒಳಗೆ ಬಟ್ಟೆಯ ತುಂಡನ್ನು ಸುತ್ತಲೂ ಸವರಿ, ಸಿಕ್ಕಿಹಾಕಿಕೊಂಡ ಕಡೆಯೆಲ್ಲ ಮುಳ್ಳಿದೆ. ಹೊಸ ಟ್ಯೂಬ್ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗಿಡಿ, ಟೈರನ್ನು ವಾಲ್ವಿನ ಎದುರಿನಿಂದ ಶುರುಮಾಡಿ ವಾಲ್ವಿನಲ್ಲಿ ಮುಗಿಸಿ, ಕೊನೆಯ ಬಿಗಿಯನ್ನು ಹೆಬ್ಬೆರಳಿನಿಂದಲೇ ಕೂರಿಸಿ. ಲಿವರ್ ಹಾಕಿದರೆ ಹೊಸ ಟ್ಯೂಬನ್ನೇ ಕಚ್ಚುತ್ತದೆ. ಪ್ಯಾಚ್ ಕೆಲಸ ಮನೆಗೆ ಬಂದು ಮಾಡಿ. ದಾರಿಯಲ್ಲೇ ಮಾಡಬೇಕಾದರೆ ಸೊಲ್ಯೂಷನ್ ಹಚ್ಚಿ ಅಂಟು ಮಂಕಾಗುವವರೆಗೆ, ಅಂದರೆ ಐದು ನಿಮಿಷ, ಕಾಯಿರಿ. ಹಸಿಯಿರುವಾಗಲೇ ಒತ್ತಿದ ಪ್ಯಾಚ್ ಬಿಸಿಲೇರಿದಂತೆ ಕಿತ್ತು ಬರುತ್ತದೆ.

ಕೆಲವು ದಾರಿಗಳು

ದಾವಣಗೆರೆಯಿಂದ ಕೊಂಡಜ್ಜಿ ಮೊದಲ ಪಾಠಕ್ಕೆ ತಕ್ಕ ದಾರಿ. ಹೋಗಲು ಸುಮಾರು 14 ಕಿ.ಮೀ., ಕೊನೆಯಲ್ಲಿ ಕೆರೆ, ಪಕ್ಕದಲ್ಲಿ ಕಾಡುಗುಡ್ಡ, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದ ಜಾಗ. ಊರು ಬಿಡುವ ಮೊದಲ ಮೂರು ನಾಲ್ಕು ಕಿ.ಮೀ. ಗಿಜಿಗುಡುವುದರಿಂದ ಬೆಳಕು ಹರಿಯುವ ಹೊತ್ತಿಗೇ ದಾಟಿಕೊಳ್ಳಿ. ಕುಂದುವಾಡ ಕೆರೆ ಊರಿಗೆ ಹತ್ತಿರವಿದ್ದರೂ ಅದರ ಸುತ್ತಿನ ಹಾದಿ ನಡೆಯುವವರದು. ಅಲ್ಲಿ ಸೈಕಲ್ ಬೇಡ.

ಸೂಳೆಕೆರೆ ಅಥವಾ ಶಾಂತಿಸಾಗರ ಈ ಜಿಲ್ಲೆಯ ಸೈಕಲ್ ಸವಾರರಿಗೆ ದೊಡ್ಡ ವರ. ಸಾವಿರಾರು ಎಕರೆ ನೀರನ್ನು ಎರಡು ಗುಡ್ಡಗಳ ನಡುವಿನ ಗಿಡ್ಡನೆಯ ಏರಿ ತಡೆದು ನಿಲ್ಲಿಸಿದೆ. ಕಟ್ಟಿಸಿದ್ದು ಶಾಂತವ್ವ ಎಂಬುದು ಜನರ ನಂಬಿಕೆ. ಅದರಿಂದ ಹೊರಡುವ ಸಿದ್ಧ ನಾಲೆ, ಬಸವ ನಾಲೆ ಇಂದಿಗೂ ಗದ್ದೆ, ತೋಟಗಳಿಗೆ ನೀರು ಕೊಡುತ್ತಿವೆ. ದಾವಣಗೆರೆಯಿಂದ ತುಳಿದುಕೊಂಡೇ ಹೋಗಿಬರುವುದು ಹೊಸಬರಿಗೆ ಅತಿ ದೂರ. ಸೈಕಲ್ಲನ್ನು ವಾಹನದಲ್ಲಿ ಚನ್ನಗಿರಿಗೋ ಸಂತೇಬೆನ್ನೂರಿಗೋ ಒಯ್ದು ಅಲ್ಲಿಂದ ಹೊರಡಿ. ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಅರ್ಧ ಗಂಟೆ ಇಟ್ಟುಕೊಳ್ಳಿ, ಆದರೆ ಸವಾರಿ ಮುಗಿದ ಮೇಲೆ. ಏರಿಯ ಮೇಲೆ ಬಸ್ಸುಗಳೂ ಓಡುವುದರಿಂದ ಫೋಟೋಗೆಂದು ರಸ್ತೆ ನಡುವೆ ನಿಲ್ಲಬಾರದು.

ಚಿತ್ರದುರ್ಗದಿಂದ ಜೋಗಿಮಟ್ಟಿ ಸುಮಾರು 10 ಕಿ.ಮೀ. ದೂರ ಚಿಕ್ಕದು, ಏರು ದೊಡ್ಡದು. ಇದು ವನ್ಯಜೀವಿ ಧಾಮ, ಕರಡಿ ಮತ್ತು ಚಿರತೆ ಓಡಾಡುವ ಜಾಗ. ಅರಣ್ಯ ಇಲಾಖೆಯ ಗೇಟಿನ ಸಮಯ, ಅನುಮತಿಯನ್ನು ಹಿಂದಿನ ದಿನವೇ ವಿಚಾರಿಸಿ. ಬಿಡುವುದಿಲ್ಲ ಎಂದರೆ ಆಡುಮಲ್ಲೇಶ್ವರದಿಂದಲೇ ಹಿಂದಿರುಗಿ, ಅಲ್ಲಿಯವರೆಗಿನ ದಾರಿಯೂ ಸಾರ್ಥಕ. ಒಬ್ಬರೇ ಹೋಗಬೇಡಿ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯಬಾರದು, ರಿಮ್ ಬಿಸಿಯಾಗಿ ಟ್ಯೂಬ್ ಸಿಡಿಯಬಹುದು, ಡಿಸ್ಕ್ ಇದ್ದರೆ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕ್ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಿ, ಮುಂದಿನ ತಿರುವಿಗೆ ಮತ್ತೆ ಒತ್ತಿ. ಅರ್ಧದಲ್ಲಿ ನಿಂತು ರಿಮ್ಮಿನ ಹತ್ತಿರ ಅಂಗೈ ತಂದು ನೋಡಿ. ಬಿಸಿ ಹೊಡೆದರೆ ಐದು ನಿಮಿಷ ವಿಶ್ರಾಂತಿ. ಗುಡ್ಡ ಏರುವ ಮನಸ್ಸಿಲ್ಲದವರಿಗೆ ಊರಿಗೆ ಅಂಟಿಕೊಂಡೇ ಚಂದ್ರವಳ್ಳಿಯ ಕೆರೆ ಮತ್ತು ಬಂಡೆಗಳಿವೆ.

ವಾಣಿವಿಲಾಸ ಸಾಗರಕ್ಕೆ ಹಿರಿಯೂರಿನಿಂದ ಹೊರಡಿ, ಸುಮಾರು 20 ಕಿ.ಮೀ. 1907ರಲ್ಲಿ ಮುಗಿದ ಈ ಮಾರಿಕಣಿವೆ ಅಣೆಕಟ್ಟು 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ಕೋಡಿ ಬಿದ್ದ ಸುದ್ದಿ ಬಂದ ವಾರಗಳಲ್ಲಿ ರಸ್ತೆ ತುಂಬ ಕಾರು. ಆ ಗದ್ದಲ ಇಳಿದ ಮೇಲೆ ವಾರದ ದಿನ ಹೋದರೆ ವೇದಾವತಿ ಬಯಲಿನ ತೆಂಗಿನ ತೋಟಗಳ ನಡುವೆ ನಿಮ್ಮ ಚೈನಿನ ಸದ್ದು ನಿಮಗೇ ಕೇಳುತ್ತದೆ.

ಭೀಮಸಮುದ್ರದ ಕೆರೆ, ಅಡಿಕೆ ತೋಟ ಚೆಲುವಾಗಿದ್ದರೂ ಆ ದಿಕ್ಕಿನಲ್ಲಿ ಅದಿರು ಲಾರಿಗಳಿವೆ. ಕೆಂಪು ಧೂಳು ಚೈನಿನ ಎಣ್ಣೆಗೆ ಬೆರೆತು ಹಲ್ಲುಗಳನ್ನು ಅರದಂತೆ ಸವೆಸುತ್ತದೆ. ಲಾರಿ ಓಡದ ದಿನ ಸ್ಥಳೀಯರಿಂದ ತಿಳಿದುಕೊಂಡು ಹೋಗಿ.

ದಾರಿಯಲ್ಲಿ ಎದುರಾಗುವವು

ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ಓಡಿಸಬೇಡಿ. ಓಡುವುದನ್ನು ಕಂಡರೆ ಅದು ಇನ್ನೂ ಬೆನ್ನು ಹತ್ತುತ್ತದೆ. ನಿಂತು, ಸೈಕಲ್ಲನ್ನು ನಡುವೆ ಇಟ್ಟುಕೊಂಡು "ಹಚಾ" ಎಂದು ಗದರಿ, ನಡೆದು ಮುಂದೆ ಸಾಗಿ. ಕುರಿ ಹಿಂಡಿನ ಜೊತೆಗಿರುವ ನಾಯಿಗೆ ಇದೂ ಸಾಲದು. ಅಲ್ಲಿ ದೂರದಲ್ಲೇ ನಿಂತು ಕುರಿಗಾಹಿಗೆ "ಯಜಮಾನ್ರೇ, ಯಾವ ಕಡೆಯಿಂದ ಹೋಗ್ಲಿ?" ಎಂದು ಕೇಳಿ, ಅವರು ತೋರಿಸಿದ ಕಡೆಯಿಂದ ದಾಟಿ. ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಾಯ ಚಿಕ್ಕದಾದರೂ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಅಪಘಾತವಾದರೆ 108 ಅಥವಾ 112.

ಊರಿನ ಬಾಯಲ್ಲಿ, ಶಾಲೆಯ ಎದುರು, ಗುಡಿಯ ಎದುರು ಬಣ್ಣ ಬಳಿಯದ ಹಂಪ್ಸ್ ಇದ್ದೇ ಇರುತ್ತದೆ ಎಂದುಕೊಂಡೇ ಸಾಗಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಈ ಸೀಮೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಹಾಗಾಗಿ ಬೋರ್‌ವೆಲ್ ನಲ್ಲಿಗಿಂತ ಊರಿನ ಶುದ್ಧ ಕುಡಿಯುವ ನೀರಿನ ಘಟಕ ಹುಡುಕಿ. ಅದಕ್ಕೆ ನಾಣ್ಯ ಬೇಕು, ಜೇಬಿನಲ್ಲಿ ನಾಲ್ಕಾರು ಇಟ್ಟುಕೊಂಡಿರಿ. ಎರಡು ಗಂಟೆ ಮೀರುವ ಸವಾರಿಗೆ ಒಂದು ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿಗೆ ಕರಗಿಸಿ. ಪೊಟ್ಟಣ ಇಲ್ಲದಿದ್ದರೆ ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಿನ್ನಲು ಬಾಳೆಹಣ್ಣು, ಶೇಂಗಾ ಚಿಕ್ಕಿ. ಬೆಣ್ಣೆ ದೋಸೆ ಮನೆಗೆ ಮರಳುವಾಗ. ನಡುವೆ ತಿಂದರೆ ಏರಿನಲ್ಲಿ ಹೊಟ್ಟೆ ಭಾರವಾಗುತ್ತದೆ.

ಮನೆ ಮುಟ್ಟಿದ ಮೇಲೆ ಸೈಕಲ್ ಒಳಗಿಡುವ ಮೊದಲು ಐದು ನಿಮಿಷದ ಕೆಲಸ ಉಳಿದಿದೆ. ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ, 150ರಿಂದ 200 ಕಿ.ಮೀ.ಗೊಮ್ಮೆ ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಆಮೇಲೆ ಎರಡೂ ಚಕ್ರವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಟೈರಿನಲ್ಲಿ ಚುಚ್ಚಿಕೊಂಡ ಮುಳ್ಳು, ಗಾಜಿನ ಚೂರನ್ನು ಚಿಮುಟದಿಂದ ಕೀಳಿ. ಕೀಳದೆ ಬಿಟ್ಟ ಮುಳ್ಳು ರಾತ್ರಿಯೆಲ್ಲ ಗಾಳಿ ಬಿಟ್ಟು, ಮಾರನೆಯ ಬೆಳಿಗ್ಗೆ ಐದೂವರೆಗೆ ಚಪ್ಪಟೆ ಟೈರ್ ತೋರಿಸುತ್ತದೆ.